ಉಪ್ಪು ನೋಡೋದು

ಯಮನೂರಪ್ಪ ಬಣ್ಣ ಹಚ್ಚೂದಕ್ಕ ಮೊದಲು
ಕಬ್ಬಿಣ ನೆಕ್ಕತಾನ.
ಬೇತುಲ್ ಜೆಟ್ಟಿಯ ಹುಡುಗರು ನಗತಾರ,
ಬಲಿ ಹೊಲಿಯೋ ಒಡಿಶಾದವರು ನಗತಾರ.
ಅವನ ಹೆಂಡತಿ ನಾ, ನನಗ ನಗು ಬರೂದಿಲ್ಲ:
ಹೋದ ವರ್ಷ ವಾಸ್ಕೋದಾಗ ನೆಕ್ಕದ ಹಚ್ಚಿದ್ದಕ್ಕ
ಮೂರು ತಿಂಗಳಿಗೇ ಗುಳ್ಳಿ ಎದ್ದು
ಅರ್ಧ ಕೂಲಿ ಹೋತು.

ನಾಕು ಕಾಲಿನ ಮ್ಯಾಲ ನಿಂತ ಟಾಕಿ,
ಐದು ಸಾವಿರ ಲೀಟರಿಂದು,
ದೋಣಿಗಳಿಗೆ ಸೀನೀರು ಮಾರೋ ಪಿಯೆದಾದ್ ಬಾಯಿಂದು.
ಕಾಲಿನ ಬುಡದಾಗ ತುಕ್ಕು
ಸುಟ್ಟ ಹಪ್ಪಳದಂಗ ಪದರ ಪದರ ಎದ್ದಿತ್ತು.

ಮಡಗಾಂವದ ಅಂಗಡಿಯಾಗ ಬಾಯಿ ಮೊದಲು ಬೊಟ್ಟು ಮಾಡಿದ್ದು
ಹೊಳಿಯೋ ಎನಾಮೆಲ್‌ಗೆ.
ಬಟ್ಟಿ ಆರಿಸಿದಂಗ ಕಾರ್ಡು ತಿರುವಿ ತಿರುವಿ ನೋಡಿದಳು.
"ಹೊಳಿತೈತಿ, ಒಂದು ಮಳಿಗಾಲ" ಅಂದ ನಮ್ಮಾಂವ.
ಬೆಳ್ಳಿ ಬಣ್ಣ?
"ಬಿಸಿಲು ತಡೀತೈತಿ, ಉಪ್ಪು ತಡಿಯಂಗಿಲ್ಲ."
ಆಮ್ಯಾಲ ತೋರಿಸಿದ ಸತುವಿನ ಪ್ರೈಮರು,
ಬೂದಿಬಣ್ಣ, ನೋಡಿದ್ರ ಮನಸ್ಸು ಕುಂದಬೇಕು,
ಅದರ ಮ್ಯಾಲ ಎಪಾಕ್ಸಿ,
ಎಪಾಕ್ಸಿ ಬಿಸಿಲಿಗೆ ಸುಣ್ಣ ಉದುರಸ್ತೈತಿ ಅಂತ
ಅದರ ಮ್ಯಾಲೂ ಒಂದು, ಬಿಳೇದು.
ಒಳಗಿನ ಮೈಗೆ ಬ್ಯಾರೆ ಡಬ್ಬಿ, ಕುಡಿಯೋ ನೀರಿಂದು.
ರೇಟು ಕೇಳಿ ಬಾಯಿ ಎದಿ ಮ್ಯಾಲ ಶಿಲುಬಿ ಬರಕೊಂಡಳು.
"ಯಾರಿಗೂ ಕಾಣದ ಬಣ್ಣಕ್ಕ ಇಷ್ಟು ರೊಕ್ಕ?"
ಅಂಗಡಿಯಾಂವ ಸುಮ್ಮನ ಕ್ಯಾಲ್ಕುಲೇಟರ್ ಒರಿಸಿದ.
ಯಮನೂರಪ್ಪಗ ಕೊಂಕಣಿ ಅರ್ಧ ಬರತೈತಿ,
ಆ ಅರ್ಧದಾಗೇ ಹೇಳಿದ:
ಒಳಗಿನ ಅಂಗಿಗೆ ಜಿಪುಣತನ ಮಾಡಿದ್ರ
ಮ್ಯಾಲಿನ ಕೋಟು ಮೈ ಕಚ್ಚತೈತಿ ಬಾಯಿ.

ಎರಡು ದಿನ ಕೆರೆದ್ವಿ. ಸುತ್ತಿಗಿ, ತಂತಿ ಬ್ರಷ್ಷು, ಎಮರಿ ಕಾಗದ.
ಉದುರಿದ ಚಕ್ಕಿ ಒಂದನ್ನ ಬಾಯಿ ಆರಿಸಿ
ಅಡ್ಡ ಹಿಡಿದು ಅಂಚು ನೋಡಿದಳು:
ಹಸರು, ಅದರ ಮ್ಯಾಲ ಹಳದಿ, ಆಮ್ಯಾಲ ನೀಲಿ.
ದೋಣಿಗೆ ಹಚ್ಚಿ ಉಳಿದದ್ದನ್ನ
ಗಂಡ ಟಾಕಿಗೆ ಬಳೀತಿದ್ನಂತ.
ಹಸರು ದೋಣಿ ಮಲ್ಪೆಯಾಂವಗ ಮಾರಿದ್ದು,
ಹಳದೀದು ಬ್ಯಾಂಕಿಗೆ ಹೋದದ್ದು,
ನೀಲೀದು, ಅಂದು ಸುಮ್ಮನಾದಳು.
ಅಂಗೈಯಷ್ಟು ಜಾಗಾ ಹಂಗ ಬಿಡ್ಲೇನ್ರಿ, ಕೇಳಿದೆ.
ಹುಚ್ಚಿ ಅನ್ನೂವಂಗ ನನ್ನ ನೋಡಿದಳು.
"ಹಳೇದರ ಮ್ಯಾಲ ಕುಂತ ಹೊಸಾದು
ಹಳೇದರ ಜೋಡಿನ ಬೀಳತೈತಿ ಅಂದವರು ನೀವ.
ಪೂರಾ ತಗೀರಿ."
ಚಕ್ಕಿ ಕಸದ ಬುಟ್ಟಿಗೆ ಬಿತ್ತು.

ಸೀನೀರಿಲೆ ತೊಳೆದು ನೆಕ್ಕಿದ: ಉಪ್ಪು.
ಮತ್ತ ತೊಳೆದ್ವಿ. ನಾ ನೆಕ್ಕಿದೆ: ಇನ್ನೂ ಒಂದು ಚೂರು,
ಉಪ್ಪಿಟ್ಟಿಗೆ ಸಾಲದಷ್ಟು.
ಮೂರನೇ ಸಲ ಬರೇ ಕಬ್ಬಿಣ,
ಸಣ್ಣಾಕಿದ್ದಾಗ ಬಾಯಾಗಿಟ್ಟಕೊಂಡ
ಅವ್ವನ ಕೀಲಿಕೈಯ ರುಚಿ.

ಇಬ್ಬನಿ ಆರಿ ಹತ್ತರ ಮ್ಯಾಲ ಶುರು, ನಾಕಕ್ಕ ಬಂದ್.
ಕಲಸೋದು ನನ್ನ ಕೆಲಸ: ನಾಕು ಪಾಲಿಗೆ ಒಂದು,
ಕಣ್ಣಂದಾಜು ಅಲ್ಲ, ಅಳತಿ ಲೋಟದಾಗ.
ಕಲಸಿದ ಮ್ಯಾಲ ಡಬ್ಬಿಗೆ ಆಯುಷ್ಯ ಎರಡು ತಾಸು,
ಈ ಬಿಸಿಲಾಗ ಒಂದೂವರಿ.
ತಳ ಕೈಗೆ ಬಿಸಿ ಹತ್ತಿತಂದ್ರ ಮುಗೀತು,
ಒಳಗ ಕಲ್ಲಾಗಾಕತ್ತೈತಿ.
ರೋಲರ್ ಮುಟ್ಟೂಕಿಂತ ಮೊದಲು
ಬೆಸುಗಿ ಗೆರಿಗೆಲ್ಲ, ಬೋಲ್ಟಿನ ತಲಿಗೆಲ್ಲ
ಸಣ್ಣ ಬ್ರಷ್ಷಿಲೆ ಒತ್ತಿ ಒತ್ತಿ,
ಕೂಸಿನ ಕಿವಿ ಹಿಂದ ಎಣ್ಣಿ ಹಚ್ಚಿದಂಗ.
ತುಕ್ಕು ಬಾಗಲದಾಗಿಂದ ಬರೂದಿಲ್ಲ,
ಮೂಲ್ಯಾಗಿಂದ ಬರತೈತಿ.

ಆರನೇ ದಿನ ಮುಂಜಾನೆ ಟಾಕಿ ಬೆಳ್ಳಗ ನಿಂತಿತ್ತು,
ಕಾಗಿ ಒಂದು ಆಗಲೇ ರುಜು ಹಾಕಿ ಹೋಗಿತ್ತು.
ಬಾಯಿ ಬಂದಳು, ಸುತ್ತ ಯಾರೂ ಇಲ್ಲಂತ ನೋಡಿದಳು,
ಬಗ್ಗಿ ನೆಕ್ಕಿದಳು.
"ಉಪ್ಪು!" ಕೂಗಿದಳು, "ಒಂದ ರಾತ್ರಿಗೆ!"
ಯಮನೂರಪ್ಪ ಬ್ರಷ್ಷು ತೊಳಿಯೂದು ಬಿಡಲಿಲ್ಲ.
"ಬರ್ಲಿ ಬಾಯಿ. ಅದರ ಊರ ಇದು.
ಹೊರಗ ಕುಂದ್ರಲಿ."